ಸೊಪ್ಪಿನ ಕೋಣೆಯ ಆಫೀಸು

ನನ್ನ ಹೆಡ್‌ಫೋನಿನ ಬಲಗಡೆಯ ಮೆತ್ತೆಗೆ ಒಂದಿಷ್ಟು ಹಳದಿ ರೇಷ್ಮೆ ಎಳೆ ಸುತ್ತಿಕೊಂಡಿದೆ. ಉಗುರಿನಿಂದ ಕೆರೆದೆ, ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಹುಳು ಬಾಯಿಂದ ಬಿಟ್ಟ ಎಳೆ ಗಾಳಿ ತಾಗಿದ ಕೂಡಲೇ ಅಂಟಿಕೊಳ್ಳುತ್ತದೆ. ಬಿಡಿಸಬೇಕಾದರೆ ಕುದಿಯುವ ನೀರಿಗೆ ಹಾಕಬೇಕು. ಹೆಡ್‌ಫೋನನ್ನು ಕುದಿಸುವ ಧೈರ್ಯ ನನಗಿಲ್ಲ. ಹಾಗಾಗಿ ಅದು ಅಲ್ಲೇ ಇದೆ, ನಾನು ಅದನ್ನೇ ಕಿವಿಗೆ ಹಾಕಿಕೊಂಡು ಕೆಲಸ ಮಾಡುತ್ತೇನೆ.

ಆ ಎಳೆ ಅಲ್ಲಿಗೆ ಬಂದ ದಿನವನ್ನು ನೆನೆದರೆ ಈಗಲೂ ಎದೆ ಒಂದು ಸಲ ಹಾರುತ್ತದೆ. ನಾನು ಸ್ವಭಾವದಲ್ಲೇ ಪುಕ್ಕಲು. ಫೋನು ರಿಂಗಾದರೆ ಮೊದಲು ಹೆದರಿ, ಆಮೇಲೆ ಯಾರೆಂದು ನೋಡುವವಳು. ಆದ್ದರಿಂದ ನಿಧಾನವಾಗಿ, ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ನಡುವೆ ಎಲ್ಲಾದರೂ ದಾರಿ ಬಿಟ್ಟು ಹೋದರೆ ನೀವು ಸ್ವಲ್ಪ ಕಾದಿರಿ, ಬಂದುಬಿಡುತ್ತೇನೆ.

ನನ್ನ ಕೆಲಸ ಬೆಂಗಳೂರಿನ ಒಂದು ಕಂಪನಿಯಲ್ಲಿ. ಆಸ್ಪತ್ರೆಗಳಿಂದ ಬರುವ ವಿಮೆ ಕ್ಲೇಮುಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಕಾಗದ ಎಲ್ಲ ಸರಿ ಇದೆಯೇ ಎಂದು ನೋಡಿ ಮುಂದಕ್ಕೆ ಕಳಿಸುವುದು. ನಾನಿರುವುದು ಕೂಟಗಲ್ ಕಡೆಯ ಒಂದು ಹಳ್ಳಿಯಲ್ಲಿ, ಗಂಡ ಗಿರೀಶ ಮತ್ತು ಅತ್ತೆಯ ಜೊತೆ. ಗಿರೀಶ ಹಾರೋಹಳ್ಳಿಯ ಫ್ಯಾಕ್ಟರಿಗೆ ಹೋಗುತ್ತಾರೆ. ಅತ್ತೆ ರೇಷ್ಮೆ ಹುಳು ಸಾಕುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ದಿನಾ ಬಸ್ಸಿನಲ್ಲಿ ರಾಮನಗರಕ್ಕೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಿದ್ದೆ. ಹೊರಡುವಾಗಲೂ ಮಬ್ಬು, ಬರುವಾಗಲೂ ಮಬ್ಬು. ನಮ್ಮ ಅಂಗಳದಲ್ಲಿ ಒಂದು ನುಗ್ಗೆ ಮರ ಇದೆ ಎಂದು ನನಗೆ ಗೊತ್ತಾದದ್ದೇ ಎಷ್ಟೋ ತಿಂಗಳ ಮೇಲೆ, ಒಂದು ಭಾನುವಾರ. ಕೊರೊನಾ ಬಂದಾಗ ಕಂಪನಿ ನಮ್ಮನ್ನೆಲ್ಲ ಮನೆಗೆ ಕಳಿಸಿತು. ಆಮೇಲೆ ಕೆಲವರನ್ನು ವಾಪಸು ಕರೆಯಿತು, ಕೆಲವರನ್ನು ಮನೆಯಲ್ಲೇ ಬಿಟ್ಟಿತು. ನಾನು ಹಾಗೆ ಮನೆಯಲ್ಲೇ ಉಳಿದವರ ಪೈಕಿ.

ಮನೆಯಲ್ಲೇ ಕೂತು ದುಡಿಯುವುದು ಏನೋ ಹೊಸದು ಎಂದು ಪೇಪರಿನವರು ಬರೆದಾಗ ನನಗೆ ನಗು ಬರುತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಚನ್ನಪಟ್ಟಣದಲ್ಲಿ, ಬೊಂಬೆ ಮಾಡುವವರ ಬೀದಿಯಲ್ಲಿ. ನಮ್ಮ ಗೋಡೆಗೆ ಅಂಟಿಕೊಂಡಂತೆ ಖುರ್ಷಿದಾ ಖಾಲಾ ಮನೆ. ಮುಂದಿನ ಕೋಣೆಯಲ್ಲಿ ಲೇತ್ ತಿರುಗುತ್ತಿತ್ತು, ಹಿಂದಿನ ಕೋಣೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ಖಾಲಾ ಎರಡರ ನಡುವಿನ ಬಾಗಿಲಲ್ಲಿ ಕೂತು, ಒಂದು ಕೈಯಲ್ಲಿ ತಾಳೆಗರಿ ಹಿಡಿದು ಬೊಂಬೆಯ ಅರಗಿಗೆ ಹೊಳಪು ಕೊಡುತ್ತ, ಕಾಲಿನಲ್ಲಿ ತೊಟ್ಟಿಲ ಹಗ್ಗ ಎಳೆಯುತ್ತಿದ್ದರು. ಲೇತಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲವಲ್ಲ, ಅದಕ್ಕೆ ಎಲ್ಲದಕ್ಕೂ ಕೈಸನ್ನೆ. ಮೂಗು ಮುಟ್ಟಿದರೆ ಒಲೆಯ ಮೇಲಿನ ಹಾಲು ನೋಡು ಎಂದು, ಕಿವಿ ಹಿಂಡಿಕೊಂಡರೆ ಓದಲು ಕೂರು ಎಂದು. ಎರಡನೆಯದನ್ನು ನಾನು ಎಷ್ಟೋ ಸಲ ನೋಡಿಯೂ ನೋಡದವಳಂತೆ ಇರುತ್ತಿದ್ದೆ. ಮರದ ಹೊಟ್ಟಿನ ಮೇಲೆ ಮಲಗಿ ಹೋಂವರ್ಕ್ ಬರೆದವಳು ನಾನು. ಈಗಲೂ ತೀರಾ ನಿಶ್ಶಬ್ದವಾದ ಜಾಗದಲ್ಲಿ ನನಗೆ ಎರಡು ಸಾಲು ಓದಲಾಗುವುದಿಲ್ಲ.

ಹಾಗಾಗಿ ಮನೆಯಿಂದ ಕೆಲಸ ಎಂದಾಗ, ಇದೇನು ಮಹಾ ಎಂದುಕೊಂಡೆ. ನಡುಮನೆಯಲ್ಲಿ ಕೂತೆ. ಅಲ್ಲಿ ತೊಂದರೆ ಸದ್ದಿನದಲ್ಲ, ಜನರದು. ಮನೆಯಲ್ಲಿ ಕೂತಿರುವ ಹೆಂಗಸು ಬಿಡುವಾಗಿದ್ದಾಳೆ ಎಂದೇ ಊರಿನ ಲೆಕ್ಕ. ಪಕ್ಕದ ಮನೆಯ ಕೆಂಪಣ್ಣ ಮಾವ ಬೀಡಿ ಹೊಸಕಿ ಒಳಗೆ ಬಂದು, ನನ್ನ ಬೆನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದರು.

“ಏನವ್ವಾ ಇದು, ಬೆಳಗಿಂದ ನೋಡ್ತಾನೇ ಇದ್ದೀಯ. ಒಬ್ರೂ ಬರಕ್ಕಿಲ್ವಲ್ಲ ಇದ್ರಾಗೆ?”

“ಮಾವ, ಇದು ಟಿವಿ ಅಲ್ಲ. ಆಫೀಸು.”

“ಆಫೀಸಾ? ಸರಿ ಬುಡು. ಒಸಿ ಕಾಫಿ ಕಾಸು, ಕುಡ್ದು ಓಯ್ತೀನಿ.”

ಜಗುಲಿಗೆ ಹೋದರೆ ತರಕಾರಿ ಗಾಡಿಯವನು, ಹಿಂದಿನ ಕೋಣೆಗೆ ಹೋದರೆ ಸಿಗ್ನಲ್ ಇಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಗ್ನಲ್ ಸಿಕ್ಕಿದ್ದು ಸೊಪ್ಪಿನ ಕೋಣೆಯಲ್ಲಿ. ಅದು ಹುಳುಮನೆಗೆ ಸೇರಿಕೊಂಡ ಸಣ್ಣ ಕೋಣೆ. ತೋಟದಿಂದ ಕೊಯ್ದು ತಂದ ಹಿಪ್ಪುನೇರಳೆ ಸೊಪ್ಪು ಬಾಡದಂತೆ ಅಲ್ಲಿ ಹರಡಿ, ಮೇಲೆ ಒದ್ದೆ ಗೋಣಿ ಹೊದಿಸಿರುತ್ತಾರೆ. ಬೇಸಗೆಯಲ್ಲೂ ತಂಪು. ಹುಳುಮನೆಗೂ ಅದಕ್ಕೂ ನಡುವೆ ಬಾಗಿಲಿಲ್ಲ, ಗೋಣಿಯ ಪರದೆ ಅಷ್ಟೆ.

ಅಲ್ಲಿ ಮೇಜು ಹಾಕಲು ಅತ್ತೆಯ ಅಪ್ಪಣೆ ಬೇಕಿತ್ತು. ಅತ್ತೆಯ ತವರು ಕನಕಪುರದಾಚೆ ದೊಡ್ಡಆಲಹಳ್ಳಿ. ಹುಳು ಸಾಕುವುದನ್ನು ಅವರು ಆಡುವ ವಯಸ್ಸಿನಲ್ಲೇ ಕಲಿತವರು. ಹುಳುಮನೆಗೆ ಹೊರಗಿನವರನ್ನು ಬಿಡುವಂತಿಲ್ಲ, ರೋಗ ಬಂದರೆ ಇಡೀ ಬೆಳೆ ಹೋಗುತ್ತದೆ. ಬಾಗಿಲ ಮೆಟ್ಟಿಲಿಗೆ ಸುಣ್ಣದ ಪುಡಿ ಹರಡಿದ ಗೋಣಿ, ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಒಳಗೆ ನುಗ್ಗದಂತೆ ಬಲೆ. ವಾಸನೆಯೂ ಆಗದು. ಮೊದಲ ದಿನ ಅತ್ತೆ ಬಾಗಿಲಿಗೆ ಅಡ್ಡ ನಿಂತು ನನ್ನನ್ನು ವಿಚಾರಿಸಿಕೊಂಡರು.

“ಪೌಡ್ರು ಆಕ್ಕಂಡಿದ್ದೀಯಾ?”

“ಇಲ್ಲ ಅತ್ತೆ.”

“ಸೆಂಟು?”

“ಇಲ್ಲ.”

“ಆ ಡಬ್ಬ ಬಿಸಿ ಆಯ್ತದಾ?”

“ಸ್ವಲ್ಪ ಆಗುತ್ತೆ. ಹುಳುವಿಗೆ ತಾಗಲ್ಲ.”

“ಸರಿ. ಕಾಲ್ ತೊಳ್ಕಂಡು, ಸುಣ್ಣ ತುಳ್ಕಂಡು ಬಾ.”

ಬೆಂಗಳೂರಿನ ಆಫೀಸಿನ ಗೇಟಿನಲ್ಲಿ ಕಾರ್ಡು ತೋರಿಸಿದರೆ ಸಾಕಿತ್ತು. ಈ ಆಫೀಸಿಗೆ ನಾನು ದಿನಾ ಸ್ನಾನ ಮುಗಿಸಿ, ಹೂ ಮುಡಿಯದೆ, ಕಾಲು ಬೆಳ್ಳಗೆ ಮಾಡಿಕೊಂಡು ಹೋಗುತ್ತಿದ್ದೆ. ಆದರೆ ಒಳಗೆ ಕೂತ ಮೇಲೆ ತಿಳಿಯಿತು, ನನಗೆ ಎಂಥ ಕಾವಲು ಸಿಕ್ಕಿದೆ ಎಂದು. ಹುಳು ಇರುವಷ್ಟು ದಿನ ಯಾರೂ ಆ ಮೆಟ್ಟಿಲು ಹತ್ತುತ್ತಿರಲಿಲ್ಲ. ಕೆಂಪಣ್ಣ ಮಾವ ಅಂಗಳದಲ್ಲೇ ನಿಂತು ಕೆಮ್ಮಿ, ಹಾಗೇ ತಿರುಗಿ ಹೋಗುತ್ತಿದ್ದರು. ಸೊಸೆಯ ಕೆಲಸಕ್ಕೆ ಊರು ಕೊಡದ ಮರ್ಯಾದೆಯನ್ನು ಹುಳುವಿಗೆ ಕೊಡುತ್ತಿತ್ತು. ಆ ಮರ್ಯಾದೆಯ ನೆರಳಲ್ಲಿ ನಾನೂ ಕೂತಿದ್ದೆ. ಒಂದು ಬೆಳೆ ಮುಗಿದು ಇನ್ನೊಂದು ಬರುವವರೆಗಿನ ದಿನಗಳಲ್ಲಿ ನೆಂಟರಿಷ್ಟರು ಬಾಕಿ ಉಳಿಸಿದ ಮಾತನ್ನೆಲ್ಲ ತಂದು ಸುರಿಯುತ್ತಿದ್ದರು, ನನ್ನ ಕೆಲಸ ಅಷ್ಟರಮಟ್ಟಿಗೆ ಕುಂಟುತ್ತಿತ್ತು. ಮುಂದಿನ ಹುಳು ಯಾವಾಗ ಬರುತ್ತದೆ ಎಂದು ಅತ್ತೆಗಿಂತ ಹೆಚ್ಚು ನಾನು ಕಾಯುತ್ತಿದ್ದೆ.

ಹುಳು ದೊಡ್ಡದಾಗಿ ಸೊಪ್ಪು ತಿನ್ನತೊಡಗಿದರೆ ಗೋಣಿಯಾಚೆಯಿಂದ ಸರಸರ ಸದ್ದು. ನನಗೆ ಹಿತ, ಲೇತಿನ ಬೀದಿಯವಳಿಗೆ ಸದ್ದು ಬೇಕು. ನನ್ನ ಮೇಲಧಿಕಾರಿ ಶಾಲಿನಿ ಮೇಡಂಗೆ ಅದು ಫೋನಿನಲ್ಲಿ ಕೇಳಿಸಿತು.

“ಸವಿತಾ, ನಿಮ್ಮಲ್ಲಿ ಏನ್ರೀ ಅಷ್ಟು ಮಳೆ?”

“ಮಳೆ ಅಲ್ಲ ಮೇಡಂ. ಹುಳು ಊಟ ಮಾಡ್ತಿವೆ.”

ಸಿಗ್ನಲ್ ಹೋಯಿತೇನೋ ಎಂದು ನಾನು ಕಿಟಕಿಯ ಹತ್ತಿರ ಸರಿದೆ.

ಈಗ ಹುಳು ಹಣ್ಣಾಗುವ ಮಾತು ಹೇಳಬೇಕು, ಮುಂದಿನದು ಅದರ ಮೇಲೇ ನಿಂತಿದೆ. ಹುಳು ತಿಂದು ತಿಂದು ಒಂದು ದಿನ ಸೊಪ್ಪು ಬಿಡುತ್ತದೆ. ಮೈ ಹಳದಿಯಾಗಿ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದನ್ನೇ ಹಣ್ಣಾಯಿತು ಎನ್ನುವುದು. ಆಗ ಆಯ್ದು ಚಂದ್ರಿಕೆಗೆ, ಎಂದರೆ ಬಿದಿರಿನ ಸುರುಳಿ ಹೆಣೆದ ಅಗಲವಾದ ತಟ್ಟಿಗೆ, ಬಿಡಬೇಕು. ತಡವಾದರೆ ಸೊಪ್ಪಿನ ಮಧ್ಯೆಯೇ ಗೂಡು ಕಟ್ಟಿ ಕೆಡಿಸುತ್ತದೆ. ಹುಳು ಸಾಕುವ ಒಂದೊಂದು ಬಿದಿರಿನ ತಟ್ಟೆಯಲ್ಲೂ ಹಣ್ಣಾದದ್ದೂ ಆಗದ್ದೂ ಸೇರಿಕೊಂಡಿರುತ್ತವೆ. ನಾನು ಮೊದಲ ಸಲ ಆಯುವಾಗ ತಟ್ಟೆಯ ಒಂದು ತುದಿಯಿಂದ ಹಿಡಿದು ಒಂದೊಂದೇ ಹುಳುವನ್ನು ನೋಡುತ್ತ ಹೊರಟೆ. ನಾನು ಅರ್ಧಕ್ಕೆ ಬರುವಷ್ಟರಲ್ಲಿ ಆ ತುದಿಯಲ್ಲಿ ಹುಳು ಗೂಡು ಶುರುಮಾಡಿತ್ತು. ಅತ್ತೆ ತಲೆ ಚಚ್ಚಿಕೊಂಡರು.

“ಅಂಗಲ್ಲ ಕಣವ್ವ. ತಟ್ಟೆ ಪೂರ್ತಿ ಒಂದ್ ಸಲ ಕೈ ಆಡ್ಸು. ಅಣ್ಣಾಗಿರೋದ್ ಮಾತ್ರ ಎತ್ಕೊ. ಅನುಮಾನ ಇದ್ರೆ ಬುಟ್ಬುಡು. ಮಿಕ್ಕಿದ್ಕೆ ಒಸಿ ಸೊಪ್ಪಾಕು. ಆಮೇಲ್ ಬಾ.”

ನನ್ನ ಕಂಪ್ಯೂಟರಿನ ಪರದೆಯ ಮೇಲೂ ಅಂಥದೇ ತಟ್ಟೆ ಇತ್ತು. ಕ್ಲೇಮುಗಳನ್ನು ಬಂದ ಸಾಲಿನಲ್ಲೇ ನೋಡಬೇಕೆಂಬುದು ಅಭ್ಯಾಸ. ಕಾಗದ ಕಡಿಮೆ ಬಿದ್ದ ಒಂದು ಕ್ಲೇಮು ಸಿಕ್ಕಿದರೆ ಅದರ ಮೇಲೇ ಅರ್ಧ ದಿನ ಹೋಗುತ್ತಿತ್ತು, ಎಲ್ಲ ಸರಿ ಇದ್ದವು ಹಿಂದೆ ಕಾಯುತ್ತ ಕೂತಿರುತ್ತಿದ್ದವು. ನಾನು ಯಾರಿಗೂ ಹೇಳದೆ ಅತ್ತೆಯಂತೆ ಕೈ ಆಡಿಸತೊಡಗಿದೆ. ಬೆಳಗ್ಗೆ ಇಡೀ ರಾಶಿಯ ಮೇಲೆ ಒಂದು ಸಲ ಹೋಗಿ, ಮಾಗಿದವನ್ನು ಮಾತ್ರ ಎತ್ತುವುದು. ಉಳಿದವಕ್ಕೆ ಏನು ಬೇಕೋ ಅದನ್ನು ಕೇಳಿ ಆಸ್ಪತ್ರೆಗೆ ಬರೆದುಹಾಕುವುದು. ಮಧ್ಯಾಹ್ನ ಮತ್ತೊಂದು ಸುತ್ತು. ನನ್ನ ಸಾಲು ಎಲ್ಲರಿಗಿಂತ ಮೊದಲು ಖಾಲಿಯಾಗುವುದನ್ನು ಶಾಲಿನಿ ಮೇಡಂ ಗಮನಿಸಿದರು.

ಅದೇ ಹೊತ್ತಿಗೆ ಕಂಪನಿ ಎಲ್ಲರೂ ಆಫೀಸಿಗೆ ಬರಬೇಕು ಎಂದಿತು. ನಾನು ಬೇಡಿಕೊಂಡೆ. ಮೇಡಂ ಯೋಚಿಸಿ ಹೇಳಿದರು: “ಒಂದು ದೊಡ್ಡ ಆಸ್ಪತ್ರೆಯವರು ನಮ್ಮ ಕಡೆ ಬರೋದರಲ್ಲಿದ್ದಾರೆ. ನೀವು ಕೆಲಸ ಮಾಡೋ ರೀತೀನ ಅವರಿಗೆ ಕಾಲ್‌ನಲ್ಲಿ ತೋರಿಸಿ. ಅವರು ಒಪ್ಪಿದ್ರೆ ನಿಮ್ಮ ಮನೆ ವಿಷಯ ನಾನು ಮಾತಾಡ್ತೀನಿ. ಆದರೆ ಆ ದಿನ ಮಳೆ, ಊಟ, ಏನೂ ಕೇಳಿಸಬಾರದು.”

ಅತ್ತೆಗೆ ಹೇಳಿದೆ. ಅವರು ಸೊಪ್ಪು ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ನೀನು ಬೆಂಗ್ಳೂರ್‌ಗೆ ಓಗಂಗಿದ್ರೆ ಇದೇ ಕಡೇ ಬೆಳೆ. ಇನ್ಮೇಲೆ ಮರಿ ತರ್ಸಕ್ಕಿಲ್ಲ. ನನ್ ಒಬ್ಳ್ ಕೈಲಿ ಆಗಕ್ಕಿಲ್ಲ.”

ಕೋಪದ ಮಾತಲ್ಲ ಅದು. ಬಸ್ಸು ಬರುವುದಿಲ್ಲ ಎನ್ನುವಷ್ಟೇ ಸಾದಾ. ನನಗೆ ಅದೇ ಹೆಚ್ಚು ತಾಗಿತು. ನಾನು ರೈಲು ಹತ್ತಿದರೆ ನನ್ನ ಹಗಲು ಮಾತ್ರವಲ್ಲ, ಅತ್ತೆಯ ಹಗಲೂ ಮುಗಿಯುತ್ತಿತ್ತು.

ಲೆಕ್ಕದ ಪ್ರಕಾರ ಹುಳು ಹಣ್ಣಾಗಬೇಕಾದ್ದು ಆ ಕಾಲ್ ಮುಗಿದ ಮೇಲೆ. ಆದರೆ ಆ ವಾರ ವಿಪರೀತ ಸೆಕೆ. ಸೆಕೆಗೆ ಹುಳು ಬೇಗ ಮಾಗುತ್ತದೆ. ಆ ಬೆಳಗ್ಗೆ ಅತ್ತೆ ಪರದೆ ಸರಿಸಿ ಕರೆದರು. ತಟ್ಟೆಗಳ ಅಂಚಿನ ತುಂಬ ಹಳದಿ ತಲೆಗಳು, ಮೇಲಕ್ಕೆ ನೋಡುತ್ತ ತೂಗಾಡುತ್ತಿದ್ದವು. ಕಾಲ್ ಇದ್ದದ್ದೂ ಅವತ್ತೇ.

ನಮ್ಮ ಕಡೆ ಇಂಥ ದಿನ ಕೂಲಿಯವರನ್ನು ಕರೆಯುವುದಿಲ್ಲ. ಮುಯ್ಯಾಳು ಬರುತ್ತಾರೆ: ಇವತ್ತು ಅವರು ನಮ್ಮ ಮನೆಗೆ, ನಾಳೆ ನಾವು ಅವರ ಮನೆಗೆ. ಹುಳು ಹಣ್ಣಾದ ದಿನ ಕಾವಲೂ ಸಡಿಲ, ಕೈಕಾಲು ತೊಳೆದು ಯಾರೂ ಒಳಗೆ ಬರಬಹುದು. ಗಿರೀಶ ಆಗಲೇ ಫ್ಯಾಕ್ಟರಿ ಬಸ್ಸು ಹತ್ತಿಯಾಗಿತ್ತು. ಸೆಕೆ ಎಲ್ಲರ ಮನೆಗೂ ಒಂದೇ ಆದ್ದರಿಂದ, ಬರಬೇಕಾದವರಲ್ಲಿ ಅರ್ಧ ಜನ ತಮ್ಮ ತಮ್ಮ ಹುಳುವಿನಲ್ಲೇ ಸಿಕ್ಕಿಬಿದ್ದಿದ್ದರು. ಬಂದದ್ದು ಕೆಂಪಣ್ಣ ಮಾವ ಮತ್ತು ಓಣಿಯ ನಾಲ್ಕೈದು ಹೆಂಗಸರು. ಮುಯ್ಯಾಳು ಎಂದರೆ ಮಾತು, ನಗು, ಹಾಡು. ಬಾಯಿ ಮುಚ್ಚಿಕೊಂಡು ಹುಳು ಆಯ್ದದ್ದನ್ನು ಈ ಊರು ಕಂಡಿಲ್ಲ.

ಅತ್ತೆ ಅವರನ್ನೆಲ್ಲ ಅಂಗಳದಲ್ಲೇ ನಿಲ್ಲಿಸಿದರು.

“ನೋಡ್ರವ್ವಾ, ಒಳ್ಗೆ ನನ್ ಸೊಸೆ ದೊಡ್ಡೋರ್ ತಾವ ಮಾತಾಡ್ತಾಳೆ. ಅವ್ಳು ಮುಗ್ಸೋಗಂಟ ಒಬ್ರೂ ಉಸ್ರು ಎತ್ತಂಗಿಲ್ಲ.”

“ಸೀನು ಬಂದ್ರೆ?” ಎಂದರು ಕೆಂಪಣ್ಣ ಮಾವ.

“ನುಂಗ್ಕೊ.”

“ನಮ್ಮನೇವ್ಳ ಮುಂದೆ ಇಷ್ಟ್ ವರ್ಸ ನುಂಗ್ಕಂಡೇ ಬಂದಿವ್ನಿ. ಬುಡು, ಇದೇನ್ ಮಹಾ.”

ಕಾಲ್ ಶುರುವಾಯಿತು. ಪರದೆಯ ಮೇಲೆ ಶಾಲಿನಿ ಮೇಡಂ, ಕಂಪನಿಯ ಇನ್ನಿಬ್ಬರು, ಆಸ್ಪತ್ರೆಯ ಕಡೆಯಿಂದ ಒಬ್ಬ ಹಿರಿಯ ಡಾಕ್ಟರಮ್ಮ. ನನ್ನ ಕ್ಯಾಮೆರಾ ಆಫ್, ನನ್ನ ಪರದೆ ಮಾತ್ರ ಅವರಿಗೆ ಕಾಣುತ್ತಿತ್ತು. ನಾನು ಮಾತಾಡಲು ಬಾಯಿ ತೆರೆದೆ, ದನಿ ನಡುಗಿತು. ಒಂದು ವಾಕ್ಯವನ್ನು ಎರಡು ಸಲ ಹೇಳಿದೆ. ಆಗ ಗೋಣಿಯ ಪರದೆ ಸ್ವಲ್ಪ ಸರಿಯಿತು. ಅತ್ತೆ. ಬಾಯಿ ಬಿಡದೆ, ಬೆರಳು ತೋರಿಸಿ ಕೈ ತಿರುಗಿಸಿದರು: ಆಳು ಸಾಲದು, ಹುಳು ಕೆಡುತ್ತದೆ. ಕೈಸನ್ನೆ ನನಗೆ ಹೊಸದಲ್ಲ. ಒಂದು ತಟ್ಟೆ ಇಲ್ಲಿಡಿ ಎಂದು ನಾನು ಮೇಜು ಮುಟ್ಟಿ ತೋರಿಸಿದೆ. ಅವರು ಒಂದು ತಟ್ಟೆಯನ್ನು ತಂದು ಲ್ಯಾಪ್‌ಟಾಪಿನ ಪಕ್ಕ ಇಟ್ಟು ಹೋದರು.

ಬಲಗೈ ಮೌಸಿನ ಮೇಲೆ, ಎಡಗೈ ತಟ್ಟೆಯಲ್ಲಿ. ಆಮೇಲೆ ಆದದ್ದು ನನಗೇ ಆಶ್ಚರ್ಯ. ಹಣ್ಣು ಹುಳು ಹಿಡಿದ ಕೈ ನಡುಗುವಂತಿಲ್ಲ. ಸ್ವಲ್ಪ ಒತ್ತಿದರೂ ಅದು ಸಾಯುತ್ತದೆ. ಕೈ ತಾನಾಗಿ ಸ್ಥಿರವಾಯಿತು, ಕೈಯ ಹಿಂದೆ ದನಿಯೂ ಸ್ಥಿರವಾಯಿತು. ಒಂದು ಕ್ಲೇಮು ಎತ್ತಿದೆ, ಒಂದು ಹುಳು ಎತ್ತಿದೆ. ಇದು ಮಾಗಿದೆ, ಇದು ಇಲ್ಲ, ಇದು ಅನುಮಾನ, ಬಿಡು. ಗೋಣಿಯಾಚೆ ಅಷ್ಟು ಜನ ಉಸಿರು ಬಿಗಿಹಿಡಿದು ಆಯುತ್ತಿದ್ದರು.

ಡಾಕ್ಟರಮ್ಮ ನಡುವೆ ತಡೆದರು. ಸಾಲು ಬಿಟ್ಟು ಹೀಗೆ ಆರಿಸುತ್ತ ಹೋದರೆ ಕಷ್ಟದ ಕ್ಲೇಮುಗಳು ಹಾಗೇ ಕೊಳೆಯುವುದಿಲ್ಲವೇ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ನಾನು ಹೇಳಿದೆ: “ಬಿಟ್ಟುಬಿಡೋದಲ್ಲ ಮೇಡಂ. ಮೊದಲ ಸುತ್ತಲ್ಲೇ ಅದಕ್ಕೆ ಬೇಕಾದ್ದನ್ನ ಕೊಟ್ಟು ಬಂದಿರ್ತೀವಿ. ಎರಡನೇ ಸುತ್ತಿಗೆ ಅದೂ ಹಣ್ಣಾಗಿರುತ್ತೆ.”

“ಹಣ್ಣಾಗಿರುತ್ತೆ?” ಎಂದರು ಅವರು. “ಇದನ್ನ ಎಲ್ಲಿ ಕಲಿತಿರಿ? ಸ್ವಲ್ಪ ಕ್ಯಾಮೆರಾ ಹಾಕ್ತೀರಾ, ನಿಮ್ಮ ಮುಖ ನೋಡಿ ಮಾತಾಡೋಣ.”

ಕ್ಯಾಮೆರಾ ಹಾಕಿದೆ. ಪರದೆಯ ಮೇಲೆ ನನ್ನ ಮುಖ ಬಂತು. ನನ್ನ ಬಲಗಿವಿಯ ಮೇಲೆ, ಹೆಡ್‌ಫೋನಿನ ಅಂಚಿನಲ್ಲಿ, ಒಂದು ದಪ್ಪ ಹಳದಿ ಹುಳು ತಲೆಯನ್ನು ಅತ್ತ ಇತ್ತ ಆಡಿಸುತ್ತ ಎಳೆ ಸುತ್ತುತ್ತಿತ್ತು. ಯಾವಾಗ ಹತ್ತಿತೋ ತಿಳಿಯದು. ಶಾಲಿನಿ ಮೇಡಂ ಕಣ್ಣು ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ನನ್ನ ತಲೆಯೊಳಗೆ ರಾಮನಗರದ ಪ್ಲಾಟ್‌ಫಾರ್ಮು ಬಂದು ನಿಂತಿತು.

“ಕಿವಿ ಮೇಲೆ ಏನದು?” ಎಂದರು ಡಾಕ್ಟರಮ್ಮ.

ಇನ್ನು ಮುಚ್ಚಿಡುವುದು ಏನಿದೆ? ಲ್ಯಾಪ್‌ಟಾಪನ್ನು ತಿರುಗಿಸಿ ತಟ್ಟೆ ತೋರಿಸಿದೆ. “ಕಲಿತದ್ದು ಇಲ್ಲಿ ಮೇಡಂ,” ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಂದರು. “ಒಂದು ಸಲ ಮಾಡಿ ತೋರಿಸಿ,” ಎಂದರು. ನಾನು ಎರಡೂ ಕೈ ಹಾಕಿದೆ. ತಟ್ಟೆಯ ಮೇಲೆ ಒಂದು ಸುತ್ತು ಹೋಗಿ, ಮಾಗಿದವನ್ನು ಎತ್ತಿ, ಉಳಿದವಕ್ಕೆ ಸೊಪ್ಪು ಉದುರಿಸಿದೆ. ಮತ್ತೊಂದು ಸುತ್ತಿಗೆ ಬರುವಷ್ಟರಲ್ಲಿ ಸೊಪ್ಪು ಬಿಟ್ಟು ತಲೆ ಎತ್ತಿದ ಹುಳು ಒಂದೆರಡು ಆಗಲೇ ಸಿದ್ಧವಾಗಿದ್ದವು. ಅಷ್ಟರಲ್ಲಿ ಆಯ್ದ ಹುಳು ಒಯ್ಯಲು ಚಂದ್ರಿಕೆ ಹಿಡಿದು ಬಂದ ಅತ್ತೆ, ಪರದೆಯಲ್ಲಿ ತಮ್ಮನ್ನೇ ನೋಡುತ್ತಿರುವ ಅಷ್ಟು ಮುಖಗಳನ್ನು ಕಂಡು ಬೆಚ್ಚಿ, ಸೆರಗು ಸರಿಮಾಡಿಕೊಂಡರು. ಅತಿಥಿಗಳ ಮುಂದೆ ಸುಮ್ಮನೆ ನಿಲ್ಲುವುದು ಅವರಿಗೆ ಗೊತ್ತಿಲ್ಲ.

“ಎಲ್ರುದೂ ಊಟ ಆಯ್ತಾ?”

“ಇಲ್ಲಮ್ಮ, ಇನ್ನೂ ಇಲ್ಲ,” ಎಂದರು ಡಾಕ್ಟರಮ್ಮ.

“ಬನ್ನಿ ಮತ್ತೆ. ಮುದ್ದೆ ಐತೆ, ಬಸ್ಸಾರೈತೆ.”

ಗೋಣಿಯಾಚೆ ಕೆಂಪಣ್ಣ ಮಾವನಿಗೆ ಅಲ್ಲಿಯವರೆಗೆ ನುಂಗಿದ್ದ ಸೀನು ಬಂತು. ಇಡೀ ಹುಳುಮನೆ ಅಲುಗುವಂಥ ಸೀನು. ಒಬ್ಬ ಹೆಂಗಸು ಕಿಸಕ್ಕೆಂದಳು, ಇನ್ನೊಬ್ಬಳು ಅವಳ ಬಾಯಿ ಮುಚ್ಚಲು ಹೋಗಿ ತಾನೂ ನಕ್ಕಳು. ಪರದೆಯೊಳಗಿದ್ದವರಲ್ಲಿ ಮೊದಲು ನಗು ತಡೆಯಲಾಗದೆ ಹೋದದ್ದು ಡಾಕ್ಟರಮ್ಮನಿಗೆ, ಆಮೇಲೆ ಎಲ್ಲರಿಗೂ.

ಕಾಲ್ ಮುಗಿದು ಸ್ವಲ್ಪ ಹೊತ್ತಿಗೆ ಫೋನು ರಿಂಗಾಯಿತು. ವಾಡಿಕೆಯಂತೆ ಹೆದರಿ ತೆಗೆದೆ.

“ಸವಿತಾ,” ಎಂದರು ಶಾಲಿನಿ ಮೇಡಂ, “ಅವರು ಒಪ್ಪಿದ್ರು. ನಿಮ್ಮ ರೀತೀಲೇ ಎಲ್ಲರೂ ಮಾಡಬೇಕಂತೆ. ನೀವೇ ಹೇಳಿಕೊಡಬೇಕು, ಅಲ್ಲಿಂದಲೇ. ಆಫೀಸಿಗೆ ಬರೋದು ಬೇಡ, ನಾನು ಮೇಲಿನವರ ಹತ್ತಿರ ಮಾತಾಡಿಯಾಯ್ತು.” ಫೋನು ಇಡುವ ಮುನ್ನ, “ಮಳೆ ಬಂದರೂ ಪರವಾಗಿಲ್ಲ,” ಎಂದರು.

ಪರದೆ ಸರಿಸಿ ಹುಳುಮನೆಗೆ ಹೋದೆ. ಎಲ್ಲರ ಕೈ ನಿಂತಿತು.

“ಏನಂದ್ರು?” ಎಂದರು ಅತ್ತೆ.

“ಇಲ್ಲೇ ಇರು ಅಂದ್ರು.”

ಅತ್ತೆ ಸೊಂಟದಿಂದ ಫೋನು ತೆಗೆದು, ನಮಗೆ ಮರಿ ಹುಳು ಕೊಡುವ ಮಾಗಡಿ ರಸ್ತೆಯ ಚಾಕಿ ಕೇಂದ್ರಕ್ಕೆ ಹಚ್ಚಿದರು. “ಅಲೋ, ಮುಂದಿನ್ ಸಲಕ್ಕೆ ಮರಿ ಬೇಕು ಕಣಪ್ಪ. ಈ ಸಲದಷ್ಟಲ್ಲ, ಒಸಿ ಜಾಸ್ತಿನೇ ಆಕು. ಯಾಕೆ? ಮನೇಲಿ ಆಳ್ ಅವ್ರೆ, ಅದ್ಕೆ!” ಅಲ್ಲಿಯವರೆಗೆ ಬಾಯಿಗೆ ಬೀಗ ಹಾಕಿದ್ದ ಹೆಂಗಸರು ಒಟ್ಟಿಗೇ ಮಾತಾಡತೊಡಗಿದರು, ಯಾರು ಯಾರಿಗೆ ಏನು ಹೇಳಿದರೋ ದೇವರೇ ಬಲ್ಲ. ಕೊನೆಯ ತಟ್ಟೆಯ ಹುಳು ಚಂದ್ರಿಕೆಗೆ ಹೋದಾಗ ಒಂದು ಗೂಡೂ ಸೊಪ್ಪಿನಲ್ಲಿ ಕೆಟ್ಟಿರಲಿಲ್ಲ.

ಮುಯ್ಯಾಳುಗಳಿಗೆ ಮೊದಲು ಊಟ, ಮನೆಯವರು ಬಡಿಸಿ ಕೊನೆಗೆ ಉಣ್ಣಬೇಕು. ನಾನು ಸಾರಿನ ಸೌಟು ಹಿಡಿದು ಹೋದರೆ ಅತ್ತೆ ಅದನ್ನು ಕಿತ್ತುಕೊಂಡರು.

“ಕೂತ್ಕೊ ಪಂಕ್ತೀಲಿ. ಎರಡ್ ಮನೆ ಆಳಿನ್ ಕೆಲ್ಸ ಮಾಡಿದ್ದೀಯ ಇವತ್ತು.”

ಕೂತೆ. ಮುದ್ದೆ ಮುರಿಯುತ್ತ ನನಗೇ ನಗು ಬಂತು. ಪಕ್ಕದಲ್ಲಿ ಕೂತಿದ್ದ ಕೆಂಪಣ್ಣ ಮಾವ ಸಾರು ಸುರಿದುಕೊಂಡರು.

“ಸವಿತವ್ವಾ, ನಮ್ಮನೆ ಉಳ ಬರೋ ವಾರ ಅಣ್ಣಾಯ್ತದೆ. ಮುಯ್ಯಿ ತೀರ್ಸಕ್ಕೆ ಬರ್ಬೇಕು ನೀನು.”

“ಮಾವ, ಅವತ್ತು ನನಗೆ ಆಫೀಸಿರುತ್ತಲ್ಲ?”

“ಇರ್ಲಿ ಬುಡು. ಅದ್ನೂ ಎತ್ಕಂಡ್ ಬಾ.”

ಎತ್ತಿಕೊಂಡು ಹೋದೆ. ಅವರ ಜಗುಲಿಯಲ್ಲಿ ಸಿಗ್ನಲ್ ನಮ್ಮ ಮನೆಗಿಂತ ಚೆನ್ನಾಗಿದೆ.